ಕೇಡುಗಾಲದ ಕಥೆ ಓದಿದವರೆಲ್ಲ ಎದುರು ಮನೆಗೇ ಬೆರಳು ತೋರಿಸುವುದೇಕೆ?

2025ರ ಆಗಸ್ಟ್ ಕೊನೆಗೆ ಕೆನಡಾದ ಆಲ್ಬರ್ಟಾ ಪ್ರಾಂತ್ಯದಿಂದ ಒಂದು ವಿಚಿತ್ರ ಸುದ್ದಿ ಬಂತು. ಲೈಂಗಿಕ ವಿವರಗಳಿರುವ ಪುಸ್ತಕಗಳ ಬಗ್ಗೆ ಪ್ರಾಂತೀಯ ಸರ್ಕಾರ ಹೊರಡಿಸಿದ್ದ ಆದೇಶದಂತೆ ಎಡ್ಮಂಟನ್ ನಗರದ ಸರ್ಕಾರಿ ಶಾಲೆಗಳ ಮಂಡಳಿ ತನ್ನ ಗ್ರಂಥಾಲಯಗಳಿಂದ ತೆಗೆದುಹಾಕಬೇಕಾದ ಪುಸ್ತಕಗಳ ಪಟ್ಟಿ ಮಾಡಿತ್ತು. ಇನ್ನೂರಕ್ಕೂ ಹೆಚ್ಚು ಹೆಸರುಗಳು. ಅದರಲ್ಲಿ ಮಾರ್ಗರೆಟ್ ಆಟ್‌ವುಡ್ ಅವರ 'ದಿ ಹ್ಯಾಂಡ್‌ಮೇಡ್ಸ್ ಟೇಲ್' ಇತ್ತು, ಆಲ್ಡಸ್ ಹಕ್ಸ್‌ಲಿಯ 'ಬ್ರೇವ್ ನ್ಯೂ ವರ್ಲ್ಡ್' ಕೂಡ ಇತ್ತು. ಹೆಂಗಸರು ಓದುವುದೇ ಅಪರಾಧವಾದ ಒಂದು ದೇಶದ ಕಥೆ ಹೇಳುವ ಕಾದಂಬರಿಯನ್ನು ಮಕ್ಕಳ ಕಪಾಟಿನಿಂದ ತೆಗೆಯುವುದು ಎಂದರೆ ಏನು? ಸಹಜವಾಗಿಯೇ ಗಲಾಟೆ ಆಯಿತು.

ಗೊಂದಲ ಶುರುವಾದದ್ದು ಆಮೇಲೆ. ಆದೇಶ ಹೊರಡಿಸಿದ್ದ ಪ್ರಾಂತೀಯ ಸರ್ಕಾರವೇ ಈ ಪಟ್ಟಿ ತಪ್ಪು ಎಂದಿತು. ತಾವು ಹೇಳಿದ್ದು ಅಶ್ಲೀಲ ಚಿತ್ರಗಳಿರುವ ಪುಸ್ತಕಗಳ ಬಗ್ಗೆ, ಮಂಡಳಿ ಬೇಕಂತಲೇ ಅತಿಯಾಗಿ ಪಾಲಿಸಿದೆ ಎಂಬುದು ಪ್ರಾಂತ್ಯದ ಮುಖ್ಯಸ್ಥೆ ಡೇನಿಯಲ್ ಸ್ಮಿತ್ ಅವರ ವಾದ. ಮಂಡಳಿಯ ಪರ ನಿಂತವರು, ಆದೇಶದಲ್ಲಿ ಇದ್ದ ಮಾತನ್ನು ಇದ್ದ ಹಾಗೆ ಪಾಲಿಸಿದರೆ ಬರುವ ಪಟ್ಟಿ ಇದೇ ತಾನೇ ಎಂದರು. ಆಟ್‌ವುಡ್ ಸುಮ್ಮನಿರಲಿಲ್ಲ, ಒಂದು ಪುಟ್ಟ ವ್ಯಂಗ್ಯ ಕಥೆ ಬರೆದು ಹಾಕಿದರು. ಸೆಪ್ಟೆಂಬರ್‌ನಲ್ಲಿ ಸರ್ಕಾರ ಆದೇಶವನ್ನು ತಿದ್ದಿ, ಅದು ಚಿತ್ರಗಳಿಗೆ ಮಾತ್ರ ಅನ್ವಯಿಸುತ್ತದೆ ಎಂದಿತು.

ಇಂಥ ಸುದ್ದಿಗಳಲ್ಲಿ ಒಂದು ಅಂಶ ಮತ್ತೆ ಮತ್ತೆ ಕಾಣುತ್ತದೆ. ಜಗಳದ ಎರಡೂ ಕಡೆಯವರು ಅದೇ ಕಾದಂಬರಿಗಳನ್ನು ಎತ್ತಿ ಹಿಡಿಯುತ್ತಾರೆ. ಎರಡೂ ಕಡೆಯವರಿಗೆ ಅದರಲ್ಲಿನ ಖಳನಾಯಕ ಎದುರಿನವನೇ. ಒಂದೇ ಪುಸ್ತಕ ಓದಿದವರು ಇಷ್ಟು ಬೇರೆ ಬೇರೆ ಅರ್ಥ ಹೇಗೆ ಮಾಡಿಕೊಳ್ಳುತ್ತಾರೆ? ಓದಿಕೊಂಡು ಅವರು ನಿಜಕ್ಕೂ ಬದಲಾಗುತ್ತಾರಾ?

ಇಂಗ್ಲಿಷಿನಲ್ಲಿ ಈ ಬಗೆಯ ಬರಹಕ್ಕೆ ಡಿಸ್ಟೋಪಿಯಾ ಎನ್ನುತ್ತಾರೆ. ಎಲ್ಲ ಕೆಟ್ಟುಹೋದ ನಾಳೆಯನ್ನು ಕಲ್ಪಿಸಿ ಹೇಳುವ ಕಥೆ. ಕನ್ನಡದಲ್ಲಿ 'ಕೇಡುಗಾಲ' ಎಂಬ ಒಳ್ಳೆಯ ಪದವಿದೆ. ಕೇಡುಗಾಲಕ್ಕೆ ನಾಯಿ ಮೊಟ್ಟೆ ಇಟ್ಟಿತ್ತಂತೆ ಎಂಬ ಗಾದೆಯನ್ನು ಕೇಳದವರು ಕಡಿಮೆ. ಇಲ್ಲಿ ಆ ಪದವನ್ನೇ ಬಳಸೋಣ.

ಮೊದಲು ಸುದ್ದಿ, ಆಮೇಲೆ ಪುಸ್ತಕ

ಜಾರ್ಜ್ ಆರ್ವೆಲ್ ಅವರ '1984' ಬಂದದ್ದು 1949ರ ಜೂನ್ 8ರಂದು. ಜನರ ಮೇಲೆ ಸದಾ ಕಣ್ಣಿಟ್ಟು, ಸತ್ಯವನ್ನೇ ತಿರುಚುವ ಒಂದು ಪಕ್ಷದ ಆಳ್ವಿಕೆಯ ಕಥೆ ಅದು. ಬರೆದವರು ಮರುವರ್ಷ ಜನವರಿಯಲ್ಲೇ ತೀರಿಕೊಂಡರು. ಪುಸ್ತಕ ಮಾತ್ರ ಇವತ್ತಿಗೂ ಒಮ್ಮೊಮ್ಮೆ ಹೊಸ ಪುಸ್ತಕದಂತೆ ಮಾರಾಟವಾಗುತ್ತದೆ. ಯಾವಾಗ ಎಂದು ನೋಡಿದರೆ ವಿಷಯ ಅರ್ಥವಾಗುತ್ತದೆ.

2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕದ ಬೇಹುಗಾರಿಕೆಯ ಗುಟ್ಟು ಹೊರಹಾಕಿದರು, ಪುಸ್ತಕದ ಮಾರಾಟ ಏರಿತು. 2017ರ ಜನವರಿ 22ರಂದು ಡೊನಾಲ್ಡ್ ಟ್ರಂಪ್ ಅವರ ಸಲಹೆಗಾರ್ತಿ ಕೆಲಿಯಾನ್ ಕಾನ್‌ವೇ ಟಿವಿಯಲ್ಲಿ 'ಪರ್ಯಾಯ ಸತ್ಯಗಳು' ಎಂಬ ಮಾತು ಆಡಿದರು. ಪ್ರಮಾಣವಚನಕ್ಕೆ ಬಂದಿದ್ದ ಜನರ ಸಂಖ್ಯೆಯ ಬಗ್ಗೆ ಸರ್ಕಾರ ಹೇಳಿದ್ದನ್ನು ಸಮರ್ಥಿಸಿಕೊಳ್ಳಲು ಆಡಿದ ಮಾತು ಅದು. ಕೆಲವೇ ದಿನಗಳಲ್ಲಿ '1984' ಅಮೆಝಾನ್ ಪಟ್ಟಿಯ ತುದಿಗೆ ಹೋಯಿತು. ಪ್ರಕಾಶಕರಾದ ಪೆಂಗ್ವಿನ್ 75,000 ಪ್ರತಿಗಳನ್ನು ಹೆಚ್ಚುವರಿಯಾಗಿ ಮುದ್ರಿಸಲು ಹೇಳಿದರು. ಕೊಂಡವರಲ್ಲಿ ಬಹಳಷ್ಟು ಮಂದಿಗೆ ಟ್ರಂಪ್ ಬಗ್ಗೆ ಭಯವಿತ್ತು.

ನಾಲ್ಕು ವರ್ಷದ ನಂತರ, 2021ರ ಜನವರಿ. ಟ್ವಿಟರ್ ಸಂಸ್ಥೆ ಟ್ರಂಪ್ ಖಾತೆಯನ್ನೇ ಮುಚ್ಚಿತು. ಅವರ ಮಗ ನಾವೀಗ ಆರ್ವೆಲ್‌ನ ಲೋಕದಲ್ಲೇ ಬದುಕುತ್ತಿದ್ದೇವೆ ಎಂದರು. ಸೆನೆಟರ್ ಜಾಷ್ ಹಾಲಿ ಅವರ ಪುಸ್ತಕವನ್ನು ಪ್ರಕಾಶಕರು ಕೈಬಿಟ್ಟಾಗ ಅವರೂ ಇದನ್ನು 'ಆರ್ವೆಲಿಯನ್' ಎಂದರು. ಪುಸ್ತಕ ಮತ್ತೆ ಮೊದಲ ಸ್ಥಾನಕ್ಕೆ ಬಂತು. ಅದೇ ಕಾದಂಬರಿ, ಅದೇ ಅಂಗಡಿ, ಅದರ ಹೆಸರು ಹೇಳಿ ಕೂಗುವವರು ಮಾತ್ರ ಈ ಸಲ ಎದುರು ಪಾಳಯದವರು!

2024ರ ನವೆಂಬರ್‌ನಲ್ಲಿ ಟ್ರಂಪ್ ಮತ್ತೆ ಗೆದ್ದಾಗ ಆಟ್‌ವುಡ್ ಕಾದಂಬರಿ ಪಟ್ಟಿಯಲ್ಲಿ ನೂರಾರು ಸ್ಥಾನ ಮೇಲೇರಿತು. ಅದೇ ಪಟ್ಟಿಯಲ್ಲಿ ಮೆಲಾನಿಯಾ ಟ್ರಂಪ್ ಅವರ ಆತ್ಮಕಥೆಯೂ ಜೋರಾಗಿ ಮಾರಾಟವಾಗುತ್ತಿತ್ತು. ರಷ್ಯಾದಲ್ಲಿ, ಉಕ್ರೇನ್ ಯುದ್ಧ ಶುರುವಾದ 2022ರಲ್ಲಿ, ಲಿಟ್‌ರೆಸ್ ಎಂಬ ಇ-ಪುಸ್ತಕ ಮಳಿಗೆಯಿಂದ ಅತಿ ಹೆಚ್ಚು ಡೌನ್‌ಲೋಡ್ ಆದ ಕಾದಂಬರಿ '1984' ಎಂದು ಅಲ್ಲಿನ ಸರ್ಕಾರಿ ಸುದ್ದಿ ಸಂಸ್ಥೆಯೇ ತಿಳಿಸಿತು. ಸೋವಿಯತ್ ಕಾಲದಲ್ಲಿ 1988ರವರೆಗೂ ಇದು ಅಲ್ಲಿ ನಿಷೇಧಿತ ಪುಸ್ತಕವಾಗಿತ್ತು.

ಪ್ರತಿ ಸಲವೂ ಮೊದಲು ಬಂದದ್ದು ಸುದ್ದಿ. ಪುಸ್ತಕ ಬಂದದ್ದು ಆಮೇಲೆ. ಅಂದರೆ ಈ ಕಾದಂಬರಿಗಳು ಜನರಲ್ಲಿ ಭಯ ಹುಟ್ಟಿಸಿದವು ಎನ್ನುವುದಕ್ಕಿಂತ, ಆಗಲೇ ಇದ್ದ ಭಯಕ್ಕೆ ಒಂದು ಹೆಸರು ಹುಡುಕಿಕೊಂಡು ಜನ ಇವುಗಳ ಬಳಿ ಬಂದರು ಎನ್ನುವುದು ಸರಿ. ಜ್ವರ ಬಂದವನು ಥರ್ಮಾಮೀಟರ್ ಕೊಳ್ಳುತ್ತಾನೆ, ಥರ್ಮಾಮೀಟರ್ ಕೊಂಡಿದ್ದಕ್ಕೆ ಜ್ವರ ಬರುವುದಿಲ್ಲ.

ಕೊಂಡವರೆಲ್ಲ ಓದಿದರೇ ಎನ್ನುವುದು ಬೇರೆ ಮಾತು. 2009ರಲ್ಲಿ ಬ್ರಿಟನ್ನಿನ ವಿಶ್ವ ಪುಸ್ತಕ ದಿನದ ಹೊತ್ತಿಗೆ ಒಂದು ಸಮೀಕ್ಷೆ ನಡೆದಿತ್ತು. ಓದದೆಯೇ ಓದಿದ್ದೇವೆ ಎಂದು ಜನ ಸುಳ್ಳು ಹೇಳುವ ಪುಸ್ತಕ ಯಾವುದು ಎಂಬ ಪ್ರಶ್ನೆಗೆ ಮೊದಲು ಬಂದ ಹೆಸರು '1984'. ಜನ ಸತ್ಯವನ್ನು ತಿರುಚುವುದರ ಬಗ್ಗೆ ಇರುವ ಪುಸ್ತಕ ಇದು ಎನ್ನುವುದನ್ನು ನೆನೆದರೆ ನಗು ಬರುತ್ತದೆ.

ಬರೆದವರು ಯಾರ ಬಗ್ಗೆ ಬರೆದರು?

ಹಾಗಾದರೆ ಯಾರ ಓದು ಸರಿ? ಲೇಖಕರನ್ನೇ ಕೇಳಿಬಿಟ್ಟರೆ ಮುಗಿಯಿತಲ್ಲ ಎನಿಸಬಹುದು. ಇಲ್ಲ, ಮುಗಿಯುವುದಿಲ್ಲ.

ಆರ್ವೆಲ್ ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. ಬರ್ಮಾದಲ್ಲಿ ಬ್ರಿಟಿಷ್ ಪೊಲೀಸ್ ಅಧಿಕಾರಿಯಾಗಿದ್ದರು. ಆಮೇಲೆ ಸಾಮ್ರಾಜ್ಯಶಾಹಿಯನ್ನು ದ್ವೇಷಿಸಿದರು, ಸ್ಪೇನ್‌ಗೆ ಹೋಗಿ ಎಡಪಂಥೀಯರ ಜೊತೆ ಬಂದೂಕು ಹಿಡಿದರು, ಅಲ್ಲಿ ಸ್ಟಾಲಿನ್‌ನ ಕಡೆಯವರು ಸಂಗಾತಿಗಳನ್ನೇ ಬೇಟೆಯಾಡುವುದನ್ನು ಕಂಡರು. ಕಾದಂಬರಿ ಬಂದ ಕೂಡಲೇ ಅಮೆರಿಕದ ಕೆಲವರು ಇದನ್ನು ಸಮಾಜವಾದದ ಮೇಲಿನ ದಾಳಿ ಎಂದು ಓದಿದರು. ಕಾಯಿಲೆಯಲ್ಲಿದ್ದ ಆರ್ವೆಲ್ ಹೇಳಿಕೆ ಕೊಡಬೇಕಾಯಿತು. ಇದು ಸಮಾಜವಾದದ ಮೇಲಾಗಲಿ, ತಾವು ಬೆಂಬಲಿಸುವ ಬ್ರಿಟಿಷ್ ಲೇಬರ್ ಪಕ್ಷದ ಮೇಲಾಗಲಿ ಮಾಡಿದ ದಾಳಿಯಲ್ಲ, ಎಲ್ಲವನ್ನೂ ಕೇಂದ್ರದಲ್ಲಿ ಹಿಡಿದಿಡುವ ಯಾವುದೇ ವ್ಯವಸ್ಥೆ ಹೀಗೆ ಕೆಡಬಹುದು ಎಂದು ತೋರಿಸಿದ್ದು ಎಂದರು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ.

ಅವರ 'ಅನಿಮಲ್ ಫಾರ್ಮ್' ಕಥೆಯದು ಇನ್ನೂ ಮಜಾ. ಮನುಷ್ಯ ಯಜಮಾನನನ್ನು ಓಡಿಸಿದ ಪ್ರಾಣಿಗಳ ಮೇಲೆ ಹಂದಿಗಳೇ ಹೊಸ ಯಜಮಾನರಾಗುವ ಕಥೆ ಅದು. 1954ರಲ್ಲಿ ಅದರ ಕಾರ್ಟೂನ್ ಸಿನಿಮಾ ಬಂತು. ಹಣದ ಹಿಂದೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಇತ್ತು. ಪುಸ್ತಕದ ಕೊನೆಯಲ್ಲಿ ಹಂದಿಗಳೂ ಮನುಷ್ಯರೂ ಒಂದೇ ಥರ ಕಾಣತೊಡಗುತ್ತಾರೆ. ಅಂದರೆ ಸೋವಿಯತ್ ಮತ್ತು ಪಶ್ಚಿಮ, ಎರಡೂ ಕಡೆಗೆ ಏಟು. ಸಿನಿಮಾದಲ್ಲಿ ಅದನ್ನು ಬದಲಿಸಿ, ಪ್ರಾಣಿಗಳು ಹಂದಿಗಳ ವಿರುದ್ಧ ದಂಗೆ ಏಳುವಂತೆ ಮಾಡಲಾಯಿತು. ಮನುಷ್ಯರ ಪಾಲಿನ ಏಟು ಮಾಯ!

ಅದೇ ಲೇಖಕನನ್ನು 2022ರ ಮೇನಲ್ಲಿ ರಷ್ಯಾದ ವಿದೇಶಾಂಗ ಇಲಾಖೆಯ ವಕ್ತಾರೆ ಮರಿಯಾ ಜಖರೋವಾ ಇನ್ನೊಂದು ದಿಕ್ಕಿಗೆ ತಿರುಗಿಸಿದರು. ಆರ್ವೆಲ್ ಬರೆದದ್ದು ಸೋವಿಯತ್ ಬಗ್ಗೆ ಅಲ್ಲ, ಪಶ್ಚಿಮದ ಉದಾರವಾದ ಹೇಗೆ ಕೊನೆಯಾಗುತ್ತದೆ ಎಂಬುದರ ಬಗ್ಗೆ ಎಂದು ಅವರು ವಾದಿಸಿದರು. ಅದೇ ತಿಂಗಳು ಪಕ್ಕದ ಬೆಲಾರೂಸ್‌ನಲ್ಲಿ ಅದೇ ಪುಸ್ತಕದ ಮಾರಾಟ ನಿಲ್ಲಿಸಲು ಅಂಗಡಿಗಳಿಗೆ ಹೇಳಲಾಗಿದೆ ಎಂದು ವರದಿಯಾಯಿತು. ಪಶ್ಚಿಮದ ಬಗ್ಗೆ ಬರೆದ ಪುಸ್ತಕವಾಗಿದ್ದರೆ ಬೆಲಾರೂಸ್ ಸರ್ಕಾರ ಯಾಕೆ ಹೆದರಬೇಕು? ಜಖರೋವಾ ಅವರ ಓದಿನ ಬಲ ಎಷ್ಟು ಎಂಬುದು ಇಲ್ಲೇ ಗೊತ್ತಾಗುತ್ತದೆ.

ಹಾಗಂತ ಲೇಖಕ ಹೇಳಿದ್ದೇ ಅಂತಿಮ ಎನ್ನಲೂ ಆಗುವುದಿಲ್ಲ. ರೇ ಬ್ರಾಡ್‌ಬರಿ ಅವರ 'ಫ್ಯಾರನ್‌ಹೀಟ್ 451' ಪುಸ್ತಕ ಸುಡುವ ಸರ್ಕಾರಿ ನೌಕರರ ಕಥೆ. ಇದು ಸೆನ್ಸಾರ್ ವಿರುದ್ಧದ ಕಾದಂಬರಿ ಎಂದೇ ಲೋಕವೆಲ್ಲ ಓದುತ್ತದೆ. ಬ್ರಾಡ್‌ಬರಿ ಮುಪ್ಪಿನಲ್ಲಿ, 2007ರಲ್ಲಿ, ಅದೆಲ್ಲ ಅಲ್ಲ, ಟಿವಿ ಬಂದು ಓದುವ ಆಸೆಯನ್ನೇ ಕೊಲ್ಲುವುದರ ಬಗ್ಗೆ ತಾನು ಬರೆದದ್ದು ಎಂದರು. ಆದರೆ ಅದೇ ಕಾದಂಬರಿಯ ಶಾಲಾ ಆವೃತ್ತಿಯಿಂದ ಪ್ರಕಾಶಕರು ಗುಟ್ಟಾಗಿ ಎಷ್ಟೋ ಪದ ಕತ್ತರಿಸಿದ್ದರು. ಅದರ ಬಗ್ಗೆ ಸಿಟ್ಟಿನಿಂದ ಬರೆದವರೂ ಇದೇ ಬ್ರಾಡ್‌ಬರಿ. ಸೆನ್ಸಾರ್ ಬಗ್ಗೆ ಅಲ್ಲದ ಪುಸ್ತಕವೇ ಸೆನ್ಸಾರ್ ಆಯಿತು. ಓದುಗರ ಓದು ಅಷ್ಟೇನೂ ತಪ್ಪಿರಲಿಲ್ಲ ಅಲ್ವಾ?

ಕಾರ್ಣಿಕದ ಒಂದು ಸಾಲು

ಈ ಗೊಂದಲದ ಕಾರಣ ಓದುಗರ ದಡ್ಡತನವಲ್ಲ. ಕಥೆಯ ಕಟ್ಟಡವೇ ಹಾಗಿದೆ. ಇದನ್ನು ತಿಳಿಯಲು ಲಂಡನ್ನಿಗಿಂತ ಮೈಲಾರ ಹತ್ತಿರ.

ವಿಜಯನಗರ ಜಿಲ್ಲೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿ ವರ್ಷ ಜಾತ್ರೆಯ ಹೊತ್ತಿಗೆ ಕಾರ್ಣಿಕ ನಡೆಯುತ್ತದೆ. ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. 'ಸದ್ದಲೇ' ಎಂದು ಕೂಗುತ್ತಾನೆ. ಲಕ್ಷಾಂತರ ಜನ ಒಮ್ಮೆಗೇ ಮೌನ. ಒಂದೇ ಒಂದು ಸಾಲು ನುಡಿದು ಕೆಳಗೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಸಾಲಿನಲ್ಲಿ ಯಾರ ಹೆಸರೂ ಇರುವುದಿಲ್ಲ. ರೈತ ಅದರಲ್ಲಿ ಮಳೆ–ಬೆಳೆಯನ್ನು ಕಾಣುತ್ತಾನೆ. ಪಕ್ಷದ ಕಾರ್ಯಕರ್ತ ಯಾರ ಕುರ್ಚಿ ಅಲುಗಾಡುತ್ತದೆ ಎಂದು ನೋಡುತ್ತಾನೆ. ಮರುದಿನದ ಪತ್ರಿಕೆಗಳಲ್ಲಿ ಎಲ್ಲ ಅರ್ಥಗಳೂ ಇರುತ್ತವೆ. ಸಾಲು ಸ್ಪಷ್ಟವಾಗಿದ್ದಿದ್ದರೆ ಇಷ್ಟು ಜನ ಅದನ್ನು ಮನೆಗೆ ಕೊಂಡೊಯ್ಯುತ್ತಿರಲಿಲ್ಲ.

ಕೇಡುಗಾಲದ ಕಾದಂಬರಿ ಭವಿಷ್ಯವಾಣಿ ಅಲ್ಲ, ಅದರ ಲೇಖಕರು ಹಾಗೆ ಹೇಳಿಕೊಳ್ಳುವುದೂ ಇಲ್ಲ. ಆಟ್‌ವುಡ್ ಅಂತೂ ಮನುಷ್ಯರು ಎಲ್ಲೋ ಎಂದೋ ಆಗಲೇ ಮಾಡದಿರುವ ಯಾವುದನ್ನೂ ತಮ್ಮ ಪುಸ್ತಕಕ್ಕೆ ಹಾಕಿಲ್ಲ ಎಂದು ಹಲವು ಬಾರಿ ಹೇಳಿದ್ದಾರೆ. ಆದರೂ ಓದುವ ಬಗೆ ಕಾರ್ಣಿಕ ಕೇಳುವ ಬಗೆಯದೇ. ಇಲ್ಲಿಯೂ ಕೇಡಿಗೆ ವಿಳಾಸವಿಲ್ಲ. '1984'ರಲ್ಲಿ ಆಳುವುದು ಬರೀ 'ಪಕ್ಷ'. ಅದರ ಸಿದ್ಧಾಂತಕ್ಕೆ ಇಂಗ್ಲಿಷ್ ಸಮಾಜವಾದ ಎಂಬ ಹೆಸರಿದ್ದರೂ ಅದು ಬರೀ ಹೆಸರು. ಅಧಿಕಾರಕ್ಕಾಗಿ ಅಧಿಕಾರ, ಅಷ್ಟೇ. ಖಾಲಿ ಜಾಗ ಬಿಟ್ಟ ಅರ್ಜಿಯಂತೆ, ಹೆಸರು ತುಂಬುವುದು ಓದುಗನ ಕೆಲಸ.

ಇದಕ್ಕಿಂತ ದೊಡ್ಡ ಕಾರಣ ಓದುಗ ಎಲ್ಲಿ ಕೂರುತ್ತಾನೆ ಎನ್ನುವುದು. ಕಥೆ ಹೆಚ್ಚಾಗಿ ಒಬ್ಬಂಟಿಯ ತಲೆಯೊಳಗಿಂದ ಸಾಗುತ್ತದೆ. ಎಲ್ಲರೂ ಸುಳ್ಳನ್ನು ನಂಬಿದ್ದಾರೆ, ನನಗೊಬ್ಬನಿಗೆ ಸತ್ಯ ಗೊತ್ತು. ಇದು ಬಹಳ ಹಿತವಾದ ಜಾಗ. ಲಸಿಕೆ ಕಡ್ಡಾಯ ಮಾಡಿದ್ದನ್ನು ವಿರೋಧಿಸುವವನೂ ಅಲ್ಲೇ ಕೂರಬಹುದು, ಅವನನ್ನು ವಿರೋಧಿಸುವವನೂ ಅಲ್ಲೇ ಕೂರಬಹುದು. ಓದುತ್ತಾ, ವಿಚಾರಣೆ ಮಾಡುವ ಅಧಿಕಾರಿಯ ಜಾಗದಲ್ಲಿ ತನ್ನನ್ನು ಇಟ್ಟುಕೊಳ್ಳುವವರು ಅಪರೂಪ. '1984'ರಲ್ಲಿ ದಿನಾ ಎರಡು ನಿಮಿಷ ಪರದೆಯ ಮೇಲಿನ ಶತ್ರುವಿಗೆ ಬೈಯುವ ಗುಂಪಿನಲ್ಲಿ ತಾನೂ ಒಬ್ಬ ಇರಬಹುದೇ ಎಂದು ಕೇಳಿಕೊಳ್ಳುವವರು ಇನ್ನೂ ಅಪರೂಪ. ತಮಾಷೆ ಎಂದರೆ ಆ ಗುಂಪಿನಲ್ಲಿ ಕಥಾನಾಯಕ ವಿನ್‌ಸ್ಟನ್ ಕೂಡ ಇದ್ದಾನೆ. ಕೂಗುತ್ತಾನೆ ಕೂಡ. ಅಷ್ಟೇ ಅಲ್ಲ, ಅವನ ಕೆಲಸವೇ ಹಳೆಯ ಪತ್ರಿಕೆಗಳನ್ನು ತಿದ್ದಿ ಸುಳ್ಳು ಮಾಡುವುದು, ಅದನ್ನು ಅವನು ಖುಷಿಯಿಂದಲೇ ಮಾಡುತ್ತಾನೆ. ಆರ್ವೆಲ್ ನಾಯಕನ ಕೈಯನ್ನು ಸ್ವಚ್ಛವಾಗಿ ಇಡಲಿಲ್ಲ. ನೆನಪಿನಿಂದ ಜಾರುವುದು ಈ ಭಾಗವೇ.

ಓದಿದರೆ ಮನಸ್ಸು ಬದಲಾಗುತ್ತದೆಯೇ?

ಇದಕ್ಕೆ ಬರೀ ಊಹೆಯಲ್ಲ, ಕೆಲವು ಪ್ರಯೋಗಗಳೂ ಇವೆ.

ಅಮೆರಿಕದ ರಾಜ್ಯಶಾಸ್ತ್ರಜ್ಞೆಯರಾದ ಕ್ಯಾಲ್ವರ್ಟ್ ಜೋನ್ಸ್ ಮತ್ತು ಸೀಲಿಯಾ ಪ್ಯಾರಿಸ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಹೆಚ್ಚು ಚರ್ಚೆಯಾದದ್ದು. ಅವರು ಜನರನ್ನು ಗುಂಪುಗಳಾಗಿ ಮಾಡಿದರು. ಒಂದು ಗುಂಪಿಗೆ, ದಬ್ಬಾಳಿಕೆಯ ಸರ್ಕಾರದ ವಿರುದ್ಧ ಹುಡುಗಿಯೊಬ್ಬಳು ನಿಲ್ಲುವ 'ಹಂಗರ್ ಗೇಮ್ಸ್' ಕಾದಂಬರಿಯ ಭಾಗ ಮತ್ತು ಸಿನಿಮಾ ದೃಶ್ಯಗಳು, ಇನ್ನೊಂದಕ್ಕೆ ಅಂಥದ್ದೇ 'ಡೈವರ್ಜೆಂಟ್', ಮತ್ತೊಂದಕ್ಕೆ ಏನೂ ಇಲ್ಲ. ಆಮೇಲೆ ರಾಜಕೀಯ ಪ್ರಶ್ನೆ ಕೇಳಿದರು. ಸರ್ಕಾರದ ಮೇಲಿನ ನಂಬಿಕೆ ಹೆಚ್ಚುಕಡಿಮೆ ಆಗಲಿಲ್ಲ. ಆದರೆ ಅನ್ಯಾಯದ ವಿರುದ್ಧ ಹಿಂಸೆಯ ಪ್ರತಿಭಟನೆ, ಸಶಸ್ತ್ರ ದಂಗೆ ಸರಿ ಇರಬಹುದು ಎನ್ನುವವರ ಪ್ರಮಾಣ, ಕಥೆ ನೋಡಿದವರಲ್ಲಿ ಸುಮಾರು 8 ಶೇಕಡಾ ಅಂಶ ಜಾಸ್ತಿ ಇತ್ತು.

ಇದು ಬರೀ ಹೊಡೆದಾಟ ನೋಡಿದ ಪರಿಣಾಮ ಇರಬಹುದಲ್ಲ? ಅದನ್ನೂ ಪರೀಕ್ಷಿಸಿದರು. 'ಫಾಸ್ಟ್ ಅಂಡ್ ಫ್ಯೂರಿಯಸ್' ಥರದ ಸಾಹಸ ಸಿನಿಮಾ ತೋರಿಸಿದರೆ ಈ ಪರಿಣಾಮ ಬರಲಿಲ್ಲ. ಮೂರನೇ ಪ್ರಯೋಗದಲ್ಲಿ ಥಾಯ್ಲೆಂಡ್‌ನಲ್ಲಿ ನಿಜವಾಗಿ ನಡೆದ ಪ್ರತಿಭಟನೆಯ ಸುದ್ದಿ ಮತ್ತು ಚಿತ್ರಗಳನ್ನು ಕೊಟ್ಟರು. ಅದಕ್ಕೂ ಜನ ಅಷ್ಟಾಗಿ ಅಲುಗಲಿಲ್ಲ. ನಿಜವಾದ ಪೊಲೀಸರು ನಿಜವಾದ ಜನರ ಮೇಲೆ ನೀರು ಹಾರಿಸುವುದಕ್ಕಿಂತ, ಇಲ್ಲದ ದೇಶದ ಕಟ್ಟುಕಥೆ ಹೆಚ್ಚು ಕೆಲಸ ಮಾಡಿತು! ಯಾಕೆ? ಸುದ್ದಿಯನ್ನು ನಾವು ಅನುಮಾನದಿಂದ ಓದುತ್ತೇವೆ. ಯಾವ ಚಾನೆಲ್, ಯಾರ ಪರ, ಇನ್ನೊಂದು ಕಡೆ ಏನು ಎಂದು ಮನಸ್ಸು ಕೇಳುತ್ತಿರುತ್ತದೆ. ಕಥೆಗೆ ಬಂದಾಗ ಆ ಕಾವಲುಗಾರ ನಿದ್ದೆ ಹೋಗುತ್ತಾನೆ. ಮೇಲಾಗಿ ಕಥೆಯಲ್ಲಿ ಒಳ್ಳೆಯವರು ಯಾರು ಎಂಬ ಬಗ್ಗೆ ಅನುಮಾನ ಉಳಿಯುವುದಿಲ್ಲ.

ಇಲ್ಲಿ ಎಚ್ಚರ ಬೇಕು. ಹಿಂಸೆ ಸರಿ ಇರಬಹುದು ಎಂದು ಪ್ರಶ್ನಾವಳಿಯಲ್ಲಿ ಗುರುತು ಹಾಕುವುದು ಬೇರೆ, ಕಲ್ಲು ಎತ್ತಿಕೊಳ್ಳುವುದು ಬೇರೆ. ಪ್ರಯೋಗ ಅಳೆದದ್ದು ಓದಿದ ಕೂಡಲೇ ಇರುವ ಬಿಸಿಯನ್ನು. ಈ ಬಿಸಿ ಎಷ್ಟು ದಿನ ಇರುತ್ತದೆ ಎಂಬುದಕ್ಕೆ ಹವಾಮಾನ ಬದಲಾವಣೆಯ ಕಥೆಗಳ ಮೇಲಿನ ಇನ್ನೊಂದು ಪ್ರಯೋಗ ಸ್ವಲ್ಪ ಉತ್ತರ ಕೊಡುತ್ತದೆ. ಬರಗಾಲದ ಅಮೆರಿಕದ ಬಗ್ಗೆ ಒಂದು ಸಣ್ಣಕಥೆ ಓದಿದವರಲ್ಲಿ ಕಾಳಜಿ ತುಸು ಹೆಚ್ಚಿತು. ತಿಂಗಳು ಕಳೆದು ಕೇಳಿದಾಗ ಅದು ಉಳಿದಿರಲಿಲ್ಲ. ಮ್ಯಾಥ್ಯೂ ಶ್ನೈಡರ್-ಮೇಯರ್‌ಸನ್ ಎಂಬ ವಿದ್ವಾಂಸರು ಇಂಥ ಕಾದಂಬರಿಗಳ 161 ಅಮೆರಿಕನ್ ಓದುಗರನ್ನು ಮಾತಾಡಿಸಿ 2018ರಲ್ಲಿ ಬರೆದರು. ಓದುವವರು ಹೆಚ್ಚಾಗಿ ಆಗಲೇ ಹವಾಮಾನದ ಬಗ್ಗೆ ಚಿಂತೆ ಇರುವವರು. ಓದಿದ ಮೇಲೆ ಬಹಳ ಜನಕ್ಕೆ ಬಂದದ್ದು ಹುಮ್ಮಸ್ಸಲ್ಲ, ಬೇಸರ ಮತ್ತು ಕೈ ಕಟ್ಟಿಹೋದ ಭಾವ.

ಇದಕ್ಕೆ ಎದುರಾದ ಒಂದು ಫಲಿತಾಂಶವೂ ಇದೆ. ಕೋವಿಡ್‌ನ ಮೊದಲ ತಿಂಗಳುಗಳಲ್ಲಿ ಕೋಲ್ಟನ್ ಸ್ಕ್ರಿವ್ನರ್ ಮತ್ತು ಸಂಗಡಿಗರು ಒಂದು ಸಮೀಕ್ಷೆ ಮಾಡಿದರು. ಭಯಾನಕ ಸಿನಿಮಾಗಳ ಅಭಿಮಾನಿಗಳು ಮಾನಸಿಕವಾಗಿ ಕಡಿಮೆ ಕುಸಿದಿದ್ದರು. ಜಗತ್ತು ಮುಳುಗುವ, ಜೋಂಬಿ ಬರುವ ಕಥೆಗಳನ್ನು ಇಷ್ಟಪಡುವವರು ಪರಿಸ್ಥಿತಿಗೆ ಹೆಚ್ಚು ತಯಾರಾಗಿದ್ದರು. ಕಥೆಯೇ ಅವರನ್ನು ತಯಾರು ಮಾಡಿತೋ, ಗಟ್ಟಿ ಮನಸ್ಸಿನವರೇ ಇಂಥ ಕಥೆಗೆ ಹೋಗುತ್ತಾರೋ ಎಂಬುದನ್ನು ಸಮೀಕ್ಷೆಯಿಂದ ಬಿಡಿಸಿ ಹೇಳಲು ಆಗದು.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಕೇಡುಗಾಲದ ಕಥೆ ಒಬ್ಬನನ್ನು ಒಂದು ಪಕ್ಷದಿಂದ ಇನ್ನೊಂದಕ್ಕೆ ಕರೆದೊಯ್ಯುವುದು ಕಾಣುವುದಿಲ್ಲ. ಇದ್ದ ಜಾಗದಲ್ಲೇ ನಿಲ್ಲಿಸಿ ದನಿ ಏರಿಸುತ್ತದೆ. ಎದುರಾಳಿ ತಪ್ಪು ಮಾಡುತ್ತಿದ್ದಾನೆ ಎನ್ನುತ್ತಿದ್ದವನು ಎದುರಾಳಿ ರಾಕ್ಷಸ ಎನ್ನತೊಡಗುತ್ತಾನೆ. ರಾಕ್ಷಸನ ಜೊತೆ ಚರ್ಚೆ ಏನು, ಚೌಕಾಸಿ ಏನು?

ಮೂರು ಬೆರಳು, ಕೆಂಪು ನಿಲುವಂಗಿ

ಓದುಗರ ಪ್ರತಿಕ್ರಿಯೆ ತಲೆಯೊಳಗೇ ಉಳಿಯುವುದಿಲ್ಲ. ಬೀದಿಗೆ ಬಂದಾಗ ಅದರ ಬಣ್ಣ ಬೇರೆ.

2014ರ ಮೇನಲ್ಲಿ ಥಾಯ್ಲೆಂಡ್‌ನಲ್ಲಿ ಸೇನೆ ಅಧಿಕಾರ ಹಿಡಿಯಿತು. ಐದು ಅಥವಾ ಅದಕ್ಕಿಂತ ಹೆಚ್ಚು ಜನ ರಾಜಕೀಯಕ್ಕಾಗಿ ಸೇರುವಂತಿಲ್ಲ, ಘೋಷಣೆ ಕೂಗುವಂತಿಲ್ಲ. ಕೆಲವರು ಬ್ಯಾಂಕಾಕ್‌ನ ಜನನಿಬಿಡ ಜಾಗಗಳಲ್ಲಿ ಸುಮ್ನೆ ನಿಂತು '1984' ಓದತೊಡಗಿದರು. ಇನ್ನು ಕೆಲವರು 'ಹಂಗರ್ ಗೇಮ್ಸ್'ನಿಂದ ಮೂರು ಬೆರಳು ಎತ್ತುವ ಸನ್ನೆಯನ್ನು ತಂದರು. ಆ ನವೆಂಬರ್‌ನಲ್ಲಿ ಖೋನ್ ಕೇನ್ ನಗರದಲ್ಲಿ ಪ್ರಧಾನಿಯ ಮುಂದೆ ಐವರು ವಿದ್ಯಾರ್ಥಿಗಳು ಮೂರು ಬೆರಳು ಎತ್ತಿ ಬಂಧನಕ್ಕೆ ಒಳಗಾದರು. 2021ರಲ್ಲಿ ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಾಗ ಅಲ್ಲಿನ ವೈದ್ಯರು, ದಾದಿಯರು ಅದೇ ಸನ್ನೆ ಮಾಡಿದರು. ವಿಶ್ವಸಂಸ್ಥೆಯ ಸಭೆಯಲ್ಲಿ ಆ ದೇಶದ ರಾಯಭಾರಿಯೇ ಮೂರು ಬೆರಳು ಎತ್ತಿದರು.

ಆಟ್‌ವುಡ್ ಕಾದಂಬರಿಯಲ್ಲಿ ಆಳುವವರಿಗೆ ಮಕ್ಕಳನ್ನು ಹೆತ್ತು ಕೊಡಲೆಂದೇ ಇಟ್ಟ ಹೆಂಗಸರು ತೊಡುವ ಕೆಂಪು ನಿಲುವಂಗಿ, ಬಿಳಿ ಟೋಪಿ ಕೂಡ ಹೀಗೆಯೇ. 2017ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಶಾಸನಸಭೆಯಲ್ಲಿ ಗರ್ಭಪಾತದ ಮಸೂದೆಗಳ ಚರ್ಚೆ ನಡೆದಾಗ ಕೆಲವು ಹೆಂಗಸರು ಆ ವೇಷದಲ್ಲಿ ಬಂದು ಗ್ಯಾಲರಿಯಲ್ಲಿ ಮೌನವಾಗಿ ಕೂತರು. ಆಮೇಲೆ ಅರ್ಜೆಂಟೀನಾ, ಐರ್ಲೆಂಡ್, ಪೋಲೆಂಡ್‌ವರೆಗೂ ಆ ವೇಷ ಹೋಯಿತು. ಮಾತಾಡದೆ ಕೂತವರನ್ನು ಹೊರಗೆ ಹಾಕುವುದು ಕಷ್ಟ, ಫೋಟೊ ಮಾತ್ರ ಎಲ್ಲ ಪತ್ರಿಕೆಯಲ್ಲೂ ಬರುತ್ತದೆ.

ಪುಸ್ತಕ ಇಲ್ಲಿ ಮಾಡಿದ್ದು ಮನಸ್ಸು ಬದಲಿಸುವ ಕೆಲಸವನ್ನಲ್ಲ. ಒಂದೇ ಮನಸ್ಸಿನವರು ಒಬ್ಬರನ್ನೊಬ್ಬರು ಗುರುತಿಸಲು ಒಂದು ಗುರುತಿನ ಚೀಟಿ ಕೊಟ್ಟಿತು. ಬಾಯಿ ಕಟ್ಟಿದ ಜಾಗದಲ್ಲಿ ಇದು ಸಣ್ಣ ವಿಷಯವಲ್ಲ. ಚೀನಾದ ಅಧಿಕಾರಿಗಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿದೆ. ಅಲ್ಲಿ '1984' ಪುಸ್ತಕದ ಅಂಗಡಿಯಲ್ಲಿ ಸಿಗುತ್ತದೆ. ಆದರೆ 2018ರಲ್ಲಿ ಅಧ್ಯಕ್ಷರ ಅವಧಿಯ ಮಿತಿ ತೆಗೆದುಹಾಕಿದ ಹೊತ್ತಿಗೆ ವೇಬೊ ಜಾಲತಾಣದಲ್ಲಿ ಆ ಪುಸ್ತಕದ ಹೆಸರನ್ನೇ ತಡೆಹಿಡಿಯಲಾಯಿತು. ಒಬ್ಬನೇ ಕೂತು ಓದುವವನಿಂದ ಅಪಾಯ ಕಡಿಮೆ. ಓದಿದ್ದೇನೆ ಎಂದು ಸಾವಿರ ಜನಕ್ಕೆ ಒಂದೇ ಪದದಲ್ಲಿ ಹೇಳುವವನಿಂದ ಜಾಸ್ತಿ.

ಬಿಗ್ ಬ್ರದರ್, ಬಿಗ್ ಬಾಸ್ ಆದದ್ದು

ನಮ್ಮ ದೇಶದಲ್ಲಿ ಈ ಪದಗಳು ಸುಪ್ರೀಂ ಕೋರ್ಟ್‌ವರೆಗೂ ಹೋಗಿವೆ. 2021ರ ಅಕ್ಟೋಬರ್ 27ರಂದು ಫೋನಿನೊಳಗೆ ಗುಟ್ಟಾಗಿ ನುಸುಳುವ ಪೆಗಾಸಸ್ ತಂತ್ರಾಂಶದ ಬೇಹುಗಾರಿಕೆ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರ ಪೀಠ ಕೊಟ್ಟ ಆದೇಶ ಶುರುವಾಗುವುದೇ ಆರ್ವೆಲ್‌ನ ಮಾತಿನಿಂದ. ಅಲ್ಲಿ ಕಾದಂಬರಿ ಬೈಗುಳವಾಗಲಿಲ್ಲ, ಪ್ರಶ್ನೆಯಾಯಿತು. ಕರ್ನಾಟಕದವರಾದ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ಸಮಿತಿ ನೇಮಕವಾಯಿತು. 29 ಫೋನ್ ಪರೀಕ್ಷಿಸಿ, 5ರಲ್ಲಿ ಕುತಂತ್ರಾಂಶ ಇತ್ತು, ಅದು ಪೆಗಾಸಸ್ಸೇ ಎನ್ನಲು ಖಚಿತ ಸಾಕ್ಷ್ಯವಿಲ್ಲ ಎಂಬ ವರದಿ ಬಂತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ತೀರ್ಪು ಬರಲು ಕಾರಣವಾದ ಅರ್ಜಿ ಹಾಕಿದವರು ಕೂಡ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಬೀದಿಯಲ್ಲಿ ಮಾತ್ರ ಈ ಪದಗಳು ಸವೆಯುತ್ತಿವೆ. ಟ್ವಿಟರ್ ಖಾತೆ ಮುಚ್ಚಿದ್ದೂ ಆರ್ವೆಲಿಯನ್, ಪುಸ್ತಕ ಅಚ್ಚಾಗದ್ದೂ ಆರ್ವೆಲಿಯನ್, ಜನರ ಫೋನಿಗೆ ಕಳ್ಳ ಕಿವಿ ಇಟ್ಟದ್ದೂ ಆರ್ವೆಲಿಯನ್. ತೋಳ ಬಂತು ತೋಳ ಎಂದು ದಿನಾ ಕೂಗಿದರೆ ನಿಜವಾದ ತೋಳ ಬಂದ ದಿನ ಕೂಗಲು ಬೇರೆ ಪದ ಬೇಕಾಗುತ್ತದೆ.

ಸವೆತದ ದೊಡ್ಡ ಉದಾಹರಣೆ ನಮ್ಮ ನಡುಮನೆಯಲ್ಲೇ ಇದೆ. ಎಲ್ಲರನ್ನೂ ಸದಾ ನೋಡುತ್ತಿರುವ 'ಬಿಗ್ ಬ್ರದರ್' ಆರ್ವೆಲ್ ಕಂಡ ದುಃಸ್ವಪ್ನ. 1999ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಅದೇ ಹೆಸರಿನ ಟಿವಿ ಆಟ ಶುರುವಾಯಿತು. ಮನೆ ತುಂಬ ಕ್ಯಾಮೆರಾ, ಒಳಗೆ ಇರುವವರ ಪ್ರತಿ ಉಸಿರೂ ಜನರಿಗೆ. ಅದರ ಭಾರತದ ರೂಪವೇ 'ಬಿಗ್ ಬಾಸ್'. 2013ರಿಂದ ಸುದೀಪ್ ಅದನ್ನು ಕನ್ನಡದಲ್ಲಿ ನಡೆಸಿಕೊಡುತ್ತಾ ಬಂದಿದ್ದಾರೆ. ಒಳಗೆ ಹೋಗಲು ಜನ ಸಾಲು ನಿಲ್ಲುತ್ತಾರೆ. ಜನ ಖುಷಿಯಿಂದಲೇ ಇದಕ್ಕೆ ಒಪ್ಪುತ್ತಾರೆ ಎಂದು ಆರ್ವೆಲ್ ಊಹಿಸಿರಲಿಲ್ಲ. ಊಹಿಸಿದವರು ಹಕ್ಸ್‌ಲಿ.

ಹಕ್ಸ್‌ಲಿ ಕೆಲಕಾಲ ಈಟನ್ ಶಾಲೆಯಲ್ಲಿ ಹುಡುಗ ಆರ್ವೆಲ್‌ಗೆ ಫ್ರೆಂಚ್ ಪಾಠ ಮಾಡಿದ್ದರು. 1949ರ ಅಕ್ಟೋಬರ್‌ನಲ್ಲಿ ಹಳೆಯ ಶಿಷ್ಯನ ಕಾದಂಬರಿ ಓದಿ ಪತ್ರ ಬರೆದರು. ಮೆಚ್ಚಿದರು, ಆದರೆ ಒಂದು ತಕರಾರು ಎತ್ತಿದರು. ಲಾಠಿ, ಜೈಲುಗಳಿಗಿಂತ ಜನ ತಮ್ಮ ಗುಲಾಮತನವನ್ನೇ ಪ್ರೀತಿಸುವಂತೆ ಮಾಡುವುದು ಆಳುವವರಿಗೆ ಅಗ್ಗ ಮತ್ತು ಸಲೀಸು ಎಂಬುದು ಅದರ ಸಾರ. ಬೂಟುಗಾಲಿಗಾಗಿ ಕಾದು ಕೂತ ಓದುಗರಿಗೆ ಇದು ಕಣ್ಣಿಗೆ ಬೀಳುವುದು ತಡವಾಗಿ. 2009ರ ಜುಲೈನಲ್ಲಿ ಅಮೆಝಾನ್ ತನ್ನ ಕಿಂಡಲ್ ಗ್ರಾಹಕರು ದುಡ್ಡು ಕೊಟ್ಟು ಕೊಂಡಿದ್ದ ಪುಸ್ತಕದ ಒಂದು ಆವೃತ್ತಿಯನ್ನು, ಮಾರಿದವರಿಗೆ ಹಕ್ಕಿರಲಿಲ್ಲ ಎಂಬ ಕಾರಣಕ್ಕೆ, ಅವರ ಸಾಧನದಿಂದ ದೂರದಿಂದಲೇ ಅಳಿಸಿಹಾಕಿತು. ಆ ಪುಸ್ತಕ '1984'! ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿದರು. ಅಳಿಸಿದ್ದು ಸರ್ಕಾರವಲ್ಲ, ಯಾರ ಕೈಗೂ ಬೇಡಿ ಬೀಳಲಿಲ್ಲ. ಷರತ್ತುಗಳಿಗೆ 'ಒಪ್ಪಿದೆ' ಎಂದು ಒತ್ತಿದ್ದವರು ಓದುಗರೇ.

2024ರ ಡಿಸೆಂಬರ್‌ನಲ್ಲಿ ಬಂದ ಉಪೇಂದ್ರ ಅವರ 'ಯುಐ' ಕನ್ನಡದಲ್ಲಿ ಈ ಬಗೆಯ ದೊಡ್ಡ ಪ್ರಯತ್ನ. ಅದು ಪ್ರೇಕ್ಷಕರನ್ನು ಬುದ್ಧಿವಂತರೋ ದಡ್ಡರೋ ಎಂದು ಶುರುವಿನಲ್ಲೇ ಕೆಣಕಿತು. ನೋಡಿದವರು ಎರಡು ಪಾಲಾದರು. ಕೆಲವರಿಗೆ ಅದು ಕನ್ನಡಿ, ಕೆಲವರಿಗೆ ಬರೀ ಗೊಂದಲ. ಒಂದು ವಿಷಯದಲ್ಲಿ ಆ ಸಿನಿಮಾ ಜಾಣತನ ತೋರಿತು. ಖಳನಾಯಕ ಎದುರು ಮನೆಯವನು ಎಂದು ಸುಲಭವಾಗಿ ಹೇಳಿ ಪ್ರೇಕ್ಷಕನನ್ನು ಕಳಿಸಿಕೊಡಲಿಲ್ಲ.

ಕೊನೆಯ ಪುಟ ಯಾವುದು?

'1984' ಓದಿ ಮುಗಿಸಿದವರಲ್ಲೂ ಒಂದು ಒಡಕು ಇದೆ. ಹೆಚ್ಚಿನವರಿಗೆ ಕಥೆ ಮುಗಿಯುವುದು ನಾಯಕ ಪೂರ್ತಿ ಸೋತು, ತನ್ನನ್ನು ಮುರಿದವನನ್ನೇ ಪ್ರೀತಿಸುವಲ್ಲಿ. ಅದಕ್ಕಿಂತ ಕತ್ತಲೆಯ ಕೊನೆ ಇಲ್ಲ. ಆದರೆ ಪುಸ್ತಕ ಅಲ್ಲಿಗೆ ಮುಗಿಯುವುದಿಲ್ಲ. ಆಮೇಲೆ ಕೆಲವು ಪುಟಗಳ ಅನುಬಂಧವಿದೆ. ಪಕ್ಷ ರೂಪಿಸಿದ ನ್ಯೂಸ್ಪೀಕ್ ಎಂಬ ಭಾಷೆಯ ವ್ಯಾಕರಣದ ಬಗ್ಗೆ ಬರೆದ ಒಣ ಪ್ರಬಂಧ. ಶಾಲೆಯ ಪಠ್ಯದಂತಿರುವ ಇದನ್ನು ಬಹಳ ಜನ ಓದುವುದೇ ಇಲ್ಲ.

ಆ ಪ್ರಬಂಧ ಇರುವುದು ಸಾಮಾನ್ಯ ಇಂಗ್ಲಿಷಿನಲ್ಲಿ. ಅದೂ ಭೂತಕಾಲದಲ್ಲಿ. ನ್ಯೂಸ್ಪೀಕ್ ಹೀಗಿತ್ತು, ಪಕ್ಷ ಹೀಗೆ ಮಾಡುತ್ತಿತ್ತು ಎಂದು ಯಾರೋ ಬಹಳ ದಿನಗಳ ನಂತರ ತಣ್ಣಗೆ ಬರೆಯುತ್ತಿದ್ದಾರೆ. ಹಾಗಾದರೆ ಆ ಆಡಳಿತ ಬಿದ್ದುಹೋಗಿದೆ ಎಂದಾಯಿತು ಎನ್ನುತ್ತಾರೆ ಆಟ್‌ವುಡ್. ತಮ್ಮ ಕಾದಂಬರಿಯ ಕೊನೆಗೂ ಅವರು ಇಂಥದ್ದೇ ಒಂದು ವಿದ್ವತ್ ಟಿಪ್ಪಣಿ ಇಟ್ಟಿದ್ದಾರೆ. ಇಲ್ಲ, ಅದು ಬರೀ ವಿವರಣೆ, ಅಷ್ಟು ಆಸೆ ಇಟ್ಟುಕೊಳ್ಳಬೇಡಿ ಎನ್ನುವವರೂ ಇದ್ದಾರೆ.

1949ರಲ್ಲಿ ಅಮೆರಿಕದ ಬುಕ್ ಆಫ್ ದಿ ಮಂತ್ ಕ್ಲಬ್ ಈ ಅನುಬಂಧವನ್ನೂ ಇನ್ನೊಂದು ಭಾಗವನ್ನೂ ಕತ್ತರಿಸಿದರೆ ಪುಸ್ತಕವನ್ನು ಆಯ್ಕೆ ಮಾಡುವುದಾಗಿ ಹೇಳಿತು. ಒಪ್ಪದಿದ್ದರೆ ಸುಮಾರು 40,000 ಪೌಂಡ್ ಕೈತಪ್ಪಬಹುದಿತ್ತು. ಆರ್ವೆಲ್ ಆಗ ಕ್ಷಯದಿಂದ ಹಾಸಿಗೆ ಹಿಡಿದಿದ್ದರು. ಆಗುವುದಿಲ್ಲ ಎಂದರು. ಕೊನೆಗೆ ಕ್ಲಬ್‌ನವರೇ ಬಗ್ಗಿ, ಆ ಪುಟಗಳ ಸಮೇತ ಪುಸ್ತಕ ತೆಗೆದುಕೊಂಡರು.